ಯಲಬುರ್ಗಾದಲ್ಲಿ ಉಂಡ ಊಟದ ತಾರೀಖು

ತಾರೀಖು ಖಚಿತವಾಗದ ಯಾವ ಸಂಗತಿಯನ್ನೂ ನಾನು ಅಚ್ಚಿಗೆ ಬಿಟ್ಟವನಲ್ಲ. ಶಾಸನಗಳ ನಡುವೆ ಕಳೆದ ವೃತ್ತಿಜೀವನ ಕಲಿಸಿದ ಈ ಶಿಸ್ತನ್ನು ನಿವೃತ್ತಿಯ ನಂತರ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಗೂ ಅನ್ವಯಿಸಿದೆ. ಕೊಪ್ಪಳದ ವಾರಪತ್ರಿಕೆಯೊಂದರ ಸಂಪಾದಕರು ನಾಲ್ಕು ತಾಲೂಕುಗಳ ಹೋಟೆಲು, ಖಾನಾವಳಿ, ತಳ್ಳುಗಾಡಿಗಳ ಕುರಿತು ಅಂಕಣ ಬರೆಯಲು ಕೇಳಿದಾಗ ನಾನು ಹಾಕಿದ ಷರತ್ತು ಒಂದೇ. ಪ್ರತಿಯೊಂದು ನಮೂದಿನ ತಲೆಯಲ್ಲಿ ಆ ಜಾಗ ಯಾವಾಗ ಶುರುವಾಯಿತು ಎಂಬುದು ಇರಬೇಕು, ಅದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರಗಳಿರಬೇಕು. ಒಂದೇ ಒಂದು ನಮೂದು ಸುಳ್ಳೆಂದು ತೋರಿದರೂ ಅಂಕಣವನ್ನು ಅಂದೇ ನಿಲ್ಲಿಸುತ್ತೇನೆ. ಸಂಪಾದಕರು ನಕ್ಕು ಒಪ್ಪಿದರು. ಆ ಷರತ್ತಿನ ಕುತ್ತಿಗೆಯ ಮೇಲೆ ಯಲಬುರ್ಗಾದ ಹೋಳಿಗೆಯೊಂದು ಬಂದು ಕುಳಿತ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

‘ಇಷ್ಟ ದಿನಾ ಕಲ್ಲ ಓದಿದ್ರು, ಇನ್ನ ಬಜ್ಜಿ ಓದಾಕ ಹೊಂಟಾರ’ ಎಂದು ನನ್ನ ಹೆಂಡತಿ ನೆರೆಮನೆಯವರಿಗೆ ಹೇಳಿದಳು. ಆಕೆಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಬಿಸಿ ಎಣ್ಣೆಯಿಂದ ಎದ್ದು ಬಂದ ಮೆಣಸಿನಕಾಯಿಯ ಮುಂದೆ ಕನ್ನಡಕ ಸರಿಪಡಿಸಿಕೊಂಡು ಕುಳಿತಾಗ, ಹೊಸ ಶಾಸನ ಸಿಕ್ಕಿದೆ ಎಂಬ ಸುದ್ದಿ ಬಂದಾಗ ಆಗುತ್ತಿದ್ದ ಅದೇ ಪುಳಕ ನನಗೆ ಆಗುತ್ತಿತ್ತು. ವಯಸ್ಸಿಗೆ ಒಪ್ಪದ ಈ ಹಿಗ್ಗನ್ನು ಮುಚ್ಚಿಡಲು ನನ್ನಲ್ಲಿದ್ದ ಸಾಧನ ಟಿಪ್ಪಣಿ ಪುಸ್ತಕ ಒಂದೇ.

ಗಂಗಾವತಿಯ ಹೋಟೆಲೊಂದರಲ್ಲಿ ಫಲಕದ ಮೇಲೊಂದು ಇಸವಿಯಿತ್ತು, ಗಲ್ಲಾದ ಹಿಂದೆ ಹಾರ ಹಾಕಿದ ಸಂಸ್ಥಾಪಕರ ಚಿತ್ರದ ಕೆಳಗೆ ಅವರ ಜನನದ ಇಸವಿಯಿತ್ತು. ಎರಡನ್ನೂ ನಂಬಿದರೆ ಅವರು ಹುಟ್ಟುವ ಮೊದಲೇ ದೋಸೆ ಹೊಯ್ಯಲು ಆರಂಭಿಸಿರಬೇಕು. ಇದನ್ನು ವಿನಯದಿಂದಲೇ ತೋರಿಸಿದೆ. ಮಾಲೀಕರು ಫಲಕವನ್ನೂ ಚಿತ್ರವನ್ನೂ ಒಂದು ಗಳಿಗೆ ನೋಡಿ, ‘ಪೇಂಟರ್ ಕೈ ತಪ್ಪೈತ್ರಿ ಸರ. ದ್ವಾಸಿ ತಪ್ಪಿದ್ರ ಹೇಳ್ರಿ’ ಎಂದರು. ದೋಸೆ ತಪ್ಪಿರಲಿಲ್ಲ. ಕುಷ್ಟಗಿಯ ಖಾನಾವಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಶುರುವಿನ ದಿನದ ಬಗ್ಗೆ ನನ್ನೆದುರೇ ವಾದಕ್ಕಿಳಿದರು. ಹಿರಿಯ ಮಗನ ಜಾವಳ ತೆಗೆಸುವ ಮೊದಲು ಎಂದು ಗಂಡ, ತೆಗೆಸಿದ ಮೇಲೆ ಎಂದು ಹೆಂಡತಿ. ವಾದ ಇತ್ಯರ್ಥವಾಗುವ ಹೊತ್ತಿಗೆ ನಾನು ಪುಂಡಿ ಪಲ್ಯದೊಂದಿಗೆ ನಾಲ್ಕು ರೊಟ್ಟಿ ಮುಗಿಸಿದ್ದೆ. ಶುರುವಿನ ದಿನದ ಪೂಜೆಯ ಹಳೆಯ ಫೋಟೊದಲ್ಲಿ ಕಂಡ ಮಗನ ಬೋಳುತಲೆ ಹೆಂಡತಿಯ ಪಕ್ಷವನ್ನು ಎತ್ತಿಹಿಡಿಯಿತು. ಇಷ್ಟು ರುಚಿಕರವಾದ ಆಕರ ಸಂಶೋಧನೆಯನ್ನು ಮೂವತ್ತು ವರ್ಷ ತಡವಾಗಿ ಆರಂಭಿಸಿದೆನಲ್ಲ ಎಂದು ಬಸ್ಸಿನಲ್ಲಿ ಒಬ್ಬನೇ ನಕ್ಕದ್ದುಂಟು.

ಯಲಬುರ್ಗಾಕ್ಕೆ ಹೋದದ್ದು ಒಂದು ಗುರುವಾರ. ದಿನಾಂಕ ಟಿಪ್ಪಣಿ ಪುಸ್ತಕದಲ್ಲಿದೆ. ಬಸ್ಸಿನ ಟಿಕೆಟನ್ನೂ ಅದೇ ಹಾಳೆಗೆ ಅಂಟಿಸಿದ್ದೇನೆ. ನಿಲ್ದಾಣದೆದುರಿನ ಚಹಾದ ಅಂಗಡಿಯವನನ್ನು, ಇಲ್ಲಿ ಒಳ್ಳೆಯ ಊಟ ಎಲ್ಲಿ ಎಂದು ಕೇಳಿದೆ.

‘ಬೋರ್ಡ್ ಗೀರ್ಡ್ ಇಲ್ರಿ ಅದಕ್ಕ’ ಎಂದ ಆತ. ‘ಮುಂದಿನ ಓಣ್ಯಾಗ ಎಡಕ್ಕ ಹೊಳ್ರಿ. ಬಾಗಲದಾಗ ಚಪ್ಪಲಿ ಗುಂಪಿ ಕಂಡ್ರ ಅದಾ ಖಾನಾವಳಿ. ಉಣ್ಣೂ ಹೊತ್ತಿನಾಗ ಅಷ್ಟ ಚಪ್ಪಲಿ ಮತ್ತೆಲ್ಲಿ ಇರ್ತಾವ್ರಿ?’

ಆತನ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಮನೆಯಲ್ಲೇ ನಡೆಯುವ ಖಾನಾವಳಿಗೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳೇ ಫಲಕ. ಆದರೆ ಎಡಕ್ಕೆ ಹೊರಳಬೇಕಾದಲ್ಲಿ ನಾನು ಬಲಕ್ಕೆ ಹೊರಳಿದೆ. ಅಲ್ಲಿಯೂ ಒಂದು ಮನೆಯ ಮುಂದೆ ಚಪ್ಪಲಿಗಳ ಗುಂಪಿತ್ತು. ಅದು ಖಾನಾವಳಿಯಲ್ಲ, ಆ ಮನೆಯಲ್ಲಿ ಅಂದು ಮಗಳ ನಿಶ್ಚಯದ ಊಟ ನಡೆದಿತ್ತು ಎಂಬುದು ನನಗೆ ತಿಳಿದದ್ದು ಅಂಕಣ ಅಚ್ಚಾದ ಮೇಲೆ.

ಒಳಗೆ ಕಾಲಿಟ್ಟೊಡನೆ ಒಬ್ಬರು ಕಾಲಿಗೆ ನೀರು ಕೊಟ್ಟರು. ‘ಬರ್ರಿ ಸರ್ರ, ಪಂಕ್ತಿ ಈಗ ಶುರುವಾಗೈತಿ, ಕುಂದರ್ರಿ’ ಎಂದರು. ಯಾರು, ಎಲ್ಲಿಂದ ಬಂದಿರಿ ಎಂದು ಉಣ್ಣಲು ಬಂದವರನ್ನು ಕೇಳುವುದು ಅಲ್ಲಿಯ ರೀತಿಯಲ್ಲ. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಕೆನೆಮೊಸರು ಒಂದರ ಹಿಂದೊಂದು ಬಂದವು. ಆಮೇಲೆ ಹೂರಣದ ಹೋಳಿಗೆ ಬಂತು. ವಾರದ ದಿನ, ಬೋರ್ಡಿಲ್ಲದ ಖಾನಾವಳಿಯಲ್ಲಿ ಹೋಳಿಗೆ ಕಂಡಾಗಲೇ ಅನುಮಾನ ಬರಬೇಕಿತ್ತು. ಅನುಮಾನ ಬರುವ ಮೊದಲೇ ತುಪ್ಪ ಬಂತು.

ತುಪ್ಪದ ಗಿಂಡಿ ಹಿಡಿದಿದ್ದವರು ಬಾಗಿದ ಬೆನ್ನಿನ ಅಜ್ಜಿ. ನಾನು ಪುಸ್ತಕ ತೆರೆದು, ‘ಇದು ಯಾವಾಗಿಂದ ನಡದೈತಿ ಯವ್ವಾ?’ ಎಂದೆ.

‘ನಾ ಈ ಮನಿಗೆ ಸೊಸಿ ಆಗಿ ಬಂದಾಗಿಂದ ಹಿಂಗ ನೀಡಾಕ ಹತ್ತೀನಪಾ’ ಎಂದು ಇನ್ನೊಂದು ಸೌಟು ಸುರಿದರು.

ಒಂದು ಆಧಾರವಾಯಿತು. ಎರಡನೆಯದಕ್ಕಾಗಿ ಪಕ್ಕದಲ್ಲಿ ಉಣ್ಣುತ್ತಿದ್ದ ಜರಿಯಂಚಿನ ಧೋತ್ರದ ಹಿರಿಯರತ್ತ ತಿರುಗಿದೆ. ‘ಮೂರು ತಲಿಮಾರಿನ ಹೆಸರ್ರಿ ಈ ಮನಿ ಊಟದ್ದು, ಸುತ್ತ ಹಳ್ಯಾಗ ಯಾರನ್ನರ ಕೇಳ್ರಿ’ ಎಂದರು ಅವರು. ಪರಸ್ಪರ ಸಂಬಂಧವಿಲ್ಲದ ಇಬ್ಬರು, ಒಂದೇ ಉತ್ತರ. ಅಂಥ ಸ್ಪಷ್ಟತೆ ನನಗೆ ಶಾಸನಗಳಲ್ಲಿಯೂ ಅಪರೂಪಕ್ಕೆ ದೊರೆತದ್ದು. ಏಳುವಾಗ ಗಲ್ಲಾ ಎಲ್ಲಿ ಎಂದು ಕಣ್ಣಾಡಿಸಿದೆ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಯಜಮಾನರು ನನ್ನ ಹೆಗಲಿಗೆ ಹೊಸ ಟವೆಲು ಹಾಕಿ, ಕೈಗೆ ತೆಂಗಿನಕಾಯಿ, ಎಲೆ ಅಡಿಕೆ ಕೊಟ್ಟರು. ನಾನು ತಟ್ಟೆಯಲ್ಲಿ ಒಂದು ನೋಟಿಟ್ಟೆ. ಅವರು ತಲೆಬಾಗಿ ವಂದಿಸಿದರು.

ಆ ವಾರದ ಅಂಕಣ ಹೀಗಿತ್ತು: ‘ಯಲಬುರ್ಗಾದ ಈ ಖಾನಾವಳಿ ಮೂರು ತಲೆಮಾರುಗಳದ್ದೆಂದು ಎರಡು ಸ್ವತಂತ್ರ ಆಧಾರಗಳು ದೃಢಪಡಿಸುತ್ತವೆ. ಹೋಳಿಗೆ ನಾಲ್ಕು ತಾಲೂಕುಗಳಲ್ಲಿಯೇ ಶ್ರೇಷ್ಠ. ನಿರ್ಗಮಿಸುವ ಗ್ರಾಹಕರಿಗೆ ಟವೆಲು, ತೆಂಗಿನಕಾಯಿ ನೀಡುವ ಸೌಜನ್ಯವನ್ನು ಅನ್ಯತ್ರ ಕಂಡಿಲ್ಲ.’ ಓಣಿಯ ಗುರುತನ್ನೂ ಸ್ಪಷ್ಟವಾಗಿ ಕೊಟ್ಟಿದ್ದೆ.

ಅಂಕಣ ಬಂದ ಹತ್ತು ದಿನಗಳ ನಂತರ ಸಂಪಾದಕರ ಫೋನು ಬಂತು.

‘ಸರ್ರ, ಹೋದ ವಾರ ಯಲಬುರ್ಗಾದಿಂದ ಒಬ್ಬ ಅಕ್ಕಾರು ಫೋನ್ ಮಾಡಿದ್ರು. ಗದ್ದಲದಾಗ ನಿಮಗ ಹೇಳೂದು ಮರತಿದ್ದೆ. ನೀವು ಬರದಿದ್ದು ಖಾನಾವಳಿ ಅಲ್ಲಂತ.’

‘ಮತ್ತೇನಂತ?’

‘ಮನಿ ಅಂತ.’

ಸಂಪಾದಕರ ಕಡೆಯಿಂದ ಕೆಮ್ಮಿನಂಥದ್ದೊಂದು ಸದ್ದು ಕೇಳಿಸಿತು. ನಗು ತಡೆಯುವವರು ಹಾಗೆ ಕೆಮ್ಮುತ್ತಾರೆ. ‘ನಿಮ್ಮ ಷರತ್ತಿಂದು ಏನ್ ಮಾಡೂದ್ರಿ?’ ಎಂದರು. ನಾನು ಅಂದೇ ತಿದ್ದುಪಡಿಯನ್ನು ಬರೆದೆ. ಖಾನಾವಳಿ ಎಂದು ನಮೂದಿಸಿದ್ದು ವಾಸದ ಮನೆ, ಪ್ರಮಾದಕ್ಕೆ ವಿಷಾದಿಸುತ್ತೇನೆ, ಅಂಕಣ ಇಲ್ಲಿಗೆ ಮುಗಿಯಿತು. ಮೂರು ವಾಕ್ಯ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಅಚ್ಚಿಗೆ ಕಳಿಸುವ ಮೊದಲು ಆ ಮನೆಯವರ ಕ್ಷಮೆ ಕೇಳಲು ಮರುದಿನ ಯಲಬುರ್ಗಾದ ಬಸ್ಸು ಹತ್ತಿದೆ. ‘ಅಕ್ಷರಾ ಸವದ ಕಲ್ಲು ಓದ್ತೀರಿ, ಎಡಾ ಬಲಾ ತಿಳಿಯಂಗಿಲ್ಲ’ ಎಂದು ಹೆಂಡತಿ ಬಾಗಿಲವರೆಗೆ ಬಂದು ಬೀಳ್ಕೊಟ್ಟಳು.

ಮಧ್ಯಾಹ್ನ ತಲುಪಿದಾಗ ಆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ಗುಂಪು ಹಾಗೆಯೇ ಇತ್ತು. ಒಳಗೆ ಬಸ್ಸಿನ ಕಂಡಕ್ಟರರೊಬ್ಬರು, ತಾಲೂಕು ಕಚೇರಿಯ ಕೆಲವರು ಸಾಲಾಗಿ ಕುಳಿತು ಉಣ್ಣುತ್ತಿದ್ದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಕೆ ಅಜ್ಜಿಯ ಸೊಸೆ, ಅಂದಿನ ಮದುಮಗಳ ತಾಯಿ. ಫೋನು ಮಾಡಿದವರು ಆಕೆಯೇ. ನನ್ನನ್ನು ಕಂಡು ಕೈ ನಿಲ್ಲಿಸದೆ, ‘ಬರ್ರಿ ಸರ್ರ, ಕುಂದರ್ರಿ. ಮೊದಲ ಉಣ್ರಿ, ಆಮ್ಯಾಲ ಬೈತೀನಿ’ ಎಂದರು.

ಬೈಗಳು ಊಟದ ಜೊತೆಗೇ ಬಂದವು. ‘ಬರದು ಹೋದೋರು ನೀವು, ಬಡಿಯೋರು ನಾವು. ಉಣ್ಣೂ ಹೊತ್ತಿಗೆ ಬಾಗಲದಾಗ ನಿಂತು ಊಟ ಐತೇನ್ರಿ ಅಂತ ಕೇಳಿದ್ರ ಇಲ್ಲ ಅಂತ ಹೆಂಗ ಅನ್ನೂದ್ರಿ? ಮೊದಲನೇ ದಿನ ಬಂದೋರನ್ನ ಬೀಗರ ಕಡಿಯವ್ರು ಅಂತ ಉಣಿಸಿದ್ವಿ. ಅವರಾಗ ಒಬ್ಬಾಂವ ಉಂಡು ಎದ್ದು, ಟವೆಲ್ ಎಲ್ಲಿ ಅಂತಾನ್ರಿ.’

ಕಂಡಕ್ಟರರು ತಾಟಿನಿಂದ ತಲೆಯೆತ್ತಲಿಲ್ಲ. ‘ಪೇಪರ್ನ್ಯಾಗ ಹಂಗ ಬರದಿತ್ರಿ ಅಕ್ಕಾರ’ ಎಂದರು ಮೆಲ್ಲಗೆ.

‘ಅವತ್ತ ನಾನು ಯಾರಂತ ನೀವು ಕೇಳಬೇಕಿತ್ತಲ್ರಿ’ ಎಂದೆ ನಾನು.

‘ಏನಂತ ಕೇಳೂದು? ನಿಮ್ಮನ್ನ ನಾವು ಬೀಗರ ಕಡಿಯವ್ರು ಅಂತ ತಿಳಕೊಂಡ್ವಿ, ಬೀಗರು ನಮ್ಮ ಕಡಿಯವ್ರು ಅಂತ ತಿಳಕೊಂಡ್ರು. ಕೈಯಾಗ ಪುಸ್ತಕ, ಬಾಯಾಗ ಬರೇ ತಾರೀಖು. ಮುಹೂರ್ತ ತಗಿಯಾಕ ಅವರು ಕರಕೊಂಡು ಬಂದಾರಂತ ತುಪ್ಪಾ ಎರಡ ಸೌಟು ಹೆಚ್ಚಿಗಿ ನೀಡಿದ್ವಿ.’ ಆಕೆ ಮೊಬೈಲು ತಂದು ನಿಶ್ಚಯದ ಫೋಟೊಗಳನ್ನು ತೋರಿಸಿದರು. ಪಂಕ್ತಿಯ ನಡುವೆ, ಬೀಗರ ಪಕ್ಕದಲ್ಲಿ ನಾನಿದ್ದೆ. ಒಂದರಲ್ಲಿ ಬರೆಯುತ್ತಿದ್ದೆ, ಉಳಿದೆಲ್ಲದರಲ್ಲೂ ಉಣ್ಣುತ್ತಿದ್ದೆ. ‘ಪೇಪರ್ನ್ಯಾಗ ಬರೂತನಕ ಇವರು ಯಾರಂತ ಎರಡೂ ಕಡಿಯವ್ರು ಫೋನಿನ್ಯಾಗ ಕೇಳಾಡೀವಿ’ ಎಂದರು.

ನಗುವುದೋ ನಾಚುವುದೋ ತೋಚದೆ ಜೇಬಿನ ಚೀಟಿ ತೆಗೆದು ತಿದ್ದುಪಡಿಯನ್ನು ಓದಿದೆ. ಮೂರನೆಯ ವಾಕ್ಯ ಮುಗಿಯುವಷ್ಟರಲ್ಲಿ ಸಾಲಿನಲ್ಲಿ ರೊಟ್ಟಿ ಮುರಿಯುವ ಸದ್ದು ನಿಂತಿತು.

‘ಅಂದ್ರ ನಾಳಿಂದ ಇಲ್ಲಿ ಊಟ ಇಲ್ಲೇನ್ರಿ?’ ಎಂದರು ಕಂಡಕ್ಟರರು.

ಆಕೆ ಹಿಟ್ಟಿನ ಕೈಯನ್ನು ಒರೆಸಿಕೊಂಡರು. ‘ಹಂಗೆಲ್ಲಾ ಹಾಕಬ್ಯಾಡ್ರಿ. ಫೋನ್ ಮಾಡಿದ್ದು ಸಿಟ್ಟಿನ್ಯಾಗ. ಮೂರು ದಿನ ಸುಮ್ಮನ ಉಣಿಸಿದ್ವಿ. ನಾಕನೇ ದಿನ ಇವರೆಲ್ಲಾ ಸೇರಿ, ರೊಕ್ಕ ತಗೊಳ್ಳಲಿಲ್ಲಂದ್ರ ಬರಂಗಿಲ್ಲ ಅಂದ್ರು. ಅವತ್ತಿಂದ ನನಗೂ ಹುರುಪು ಬಂದೈತಿ. ನನ್ನ ಕೈ ಊಟ ಮನಿ ಮಂದಿ ಸುಮ್ಮನ ಉಂಡು ಏಳ್ತಿದ್ರು. ಪೇಪರ್ನ್ಯಾಗ ಓದಿದ ಮ್ಯಾಲ ನಮ್ಮ ಯಜಮಾನ್ರು ಸುದ್ದಾ ಎಣ್ಣೆಗಾಯಿ ಛಲೋ ಆಗೈತಿ ಅಂದ್ರು. ನೀವು ಖಾನಾವಳಿ ಅಲ್ಲ ಅಂತ ಬರದ್ರ ಯಾರ ಬರ್ತಾರ್ರಿ?’

‘ಯಜಮಾನ್ರು ಒಪ್ಪ್ಯಾರೇನು?’

‘ಬೋರ್ಡ್ ಬರಸಾಕ ಹೋಗ್ಯಾರ.’

ನನ್ನ ಮುಂದೆ ಈಗ ಇದ್ದದ್ದು ಶುದ್ಧ ಕಾಲನಿರ್ಣಯದ ಪ್ರಶ್ನೆ. ಖಾನಾವಳಿ ಇತ್ತು, ಆದರೆ ಅದು ಮೂರು ತಲೆಮಾರಿನದಾಗಿರಲಿಲ್ಲ. ನನ್ನ ಅಂಕಣ ಬಂದ ಮೇಲೆ ನಾಲ್ಕನೆಯ ದಿನ ಹುಟ್ಟಿದ್ದು. ಹಾಗಾದರೆ ನಾನು ಉಂಡ ಗುರುವಾರ ಖಾನಾವಳಿ ಇರಲಿಲ್ಲ, ಇಲ್ಲದ ಖಾನಾವಳಿಯ ವಿಮರ್ಶೆ ಸುಳ್ಳೇ ಆಯಿತು. ಇದನ್ನು ಸಾಧ್ಯವಾದಷ್ಟು ಸರಳವಾಗಿ ವಿವರಿಸಿದೆ. ತುಪ್ಪದ ಗಿಂಡಿಯೊಂದಿಗೆ ಹತ್ತಿರ ಬಂದಿದ್ದ ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು.

‘ಅವತ್ತ ನೀ ಏನಂತ ಒಳಗ ಬಂದೀಪಾ?’

‘ಗಿರಾಕಿ ಅಂತ ಬಂದೆ ಯವ್ವಾ.’

‘ಹೊಟ್ಟಿ ತುಂಬ ಉಂಡಿ?’

‘ಉಂಡೆ.’

‘ತಾಟಿನ್ಯಾಗ ರೊಕ್ಕ ಇಟ್ಟಿ?’

‘ಇಟ್ಟೆ.’

‘ಗಿರಾಕಿ ಬಂದ, ಉಂಡ, ರೊಕ್ಕ ಕೊಟ್ಟ. ಅದಕ್ಕ ಖಾನಾವಳಿ ಅನ್ನಂಗಿಲ್ಲಂದ್ರ ಮತ್ತೇನಂತಾರ? ನಮಗ ತಿಳಿದಿದ್ದಿಲ್ಲ ಅಷ್ಟ.’

ಹಲವು ವಿಚಾರ ಸಂಕಿರಣಗಳಲ್ಲಿ ಕುಳಿತವನು ನಾನು. ಇಷ್ಟು ಬಿಗಿಯಾದ ವಾದಕ್ಕೆ ಎದುರು ನಿಂತ ನೆನಪಿಲ್ಲ. ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ನೋಡಲು ಅನುಮತಿ ಬೇಡಿದೆ. ಹಾಲಿನ ಲೆಕ್ಕದ ಗುರುತುಗಳ ನಡುವೆ ನಿಶ್ಚಯದ ದಿನಕ್ಕೆ ಕೆಂಪು ಸುತ್ತು ಹಾಕಿತ್ತು. ನನ್ನ ಪುಸ್ತಕದಲ್ಲಿ ಅಂಟಿಸಿದ್ದ ಬಸ್ ಟಿಕೆಟಿನ ದಿನಾಂಕವೂ ಅದೇ. ಎರಡೂ ಒಂದನ್ನೊಂದು ಅರಿಯದ ಆಧಾರಗಳು. ಎಷ್ಟೋ ವರ್ಷಗಳಿಂದ ಬೇರೆಯವರ ಆರಂಭಗಳನ್ನು ಹುಡುಕುತ್ತ ಅಲೆದವನಿಗೆ, ಒಂದು ಆರಂಭದಲ್ಲಿ ತಾನೇ ಬಾಯಿ ತುಂಬಿಕೊಂಡು ಕುಳಿತಿದ್ದ ಸಂಗತಿ ಹೊಳೆದಾಗ ಮೈಯೆಲ್ಲ ಹಗುರಾಯಿತು. ಚೀಟಿಯನ್ನು ಮಡಚಿ ಒಲೆಗೆ ಹಾಕಲು ಕೊಟ್ಟೆ. ಅದರ ಉರಿಯಲ್ಲಿ ಒಂದು ರೊಟ್ಟಿಯಾದರೂ ಉಬ್ಬಿರಬೇಕು.

ಮರುವಾರ ತಿದ್ದುಪಡಿಯ ಬದಲು ಪರಿಷ್ಕೃತ ನಮೂದು ಅಚ್ಚಾಯಿತು. ‘ಮೂರು ತಲೆಮಾರು’ ಎಂಬಲ್ಲಿ ಆ ಗುರುವಾರದ ತಾರೀಖು ಬಂತು. ಅದು ಶುರುವಾದದ್ದು ನಿಶ್ಚಯದ ಪಂಕ್ತಿಯಲ್ಲಿ ಎಂಬುದನ್ನೂ, ಮೊದಲ ಗಿರಾಕಿ ಅಂಕಣಕಾರನೇ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಟವೆಲು, ತೆಂಗಿನಕಾಯಿ ಇನ್ನು ದೊರೆಯುವುದಿಲ್ಲವೆಂದು ದಪ್ಪ ಅಕ್ಷರಗಳಲ್ಲಿ ಸೇರಿಸಿದೆ. ಅಂಕಣ ನಿಲ್ಲಲಿಲ್ಲ. ಬೋರ್ಡಿನ ಮೇಲೂ ಅದೇ ತಾರೀಖು ಇದೆ. ಹೋಗಿ ನೋಡಿ ಬಂದಿದ್ದೇನೆ, ಪೇಂಟರನ ಕೈ ತಪ್ಪಿಲ್ಲ.

ಪತ್ರಿಕೆ ಬಂದ ದಿನ ಹೆಂಡತಿ ನಮೂದನ್ನು ಎರಡು ಸಲ ಓದಿ, ‘ಇದಕ್ಕ ಆಧಾರ?’ ಎಂದಳು. ಆ ಮನೆಯವರು ಕಳಿಸಿದ್ದ ಫೋಟೊವನ್ನು ಮೊಬೈಲಿನಲ್ಲಿ ತೆರೆದು ಕೊಟ್ಟೆ. ಆಕೆ ಅದನ್ನು ಬೆರಳಿನಿಂದ ದೊಡ್ಡದು ಮಾಡಿ, ನನ್ನ ಮುಖವನ್ನು ಬಹಳ ಹೊತ್ತು ಪರಿಶೀಲಿಸಿದಳು.

‘ಗಟ್ಟಿ ಐತಿ ಬಿಡ್ರಿ’ ಎಂದಳು. ‘ಬಾಯಾಗಿನ ಹೋಳಿಗಿ ಸುದ್ದಾ ಕಾಣತೈತಿ.’