ದಿಬ್ಬದಲ್ಲೊಂದು ಬೋಳು ಜಾಗ

ತುಸು ತಾಳಿ. ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಯಾವ ಗಿಡ ಹಚ್ಚಬೇಕು ಅಂತ ಹೇಳಿಯೇ ಹೇಳುತ್ತೇನೆ. ಆದರೆ ಇದನ್ನು ಕೇಳದೆ ಗುದ್ದಲಿ ಮುಟ್ಟಬೇಡಿ.

ನಾನು ತೋಟಗಾರಿಕೆ ಕಲಿತದ್ದು ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ, ಮೊಬೈಲ್ ನೋಡುತ್ತ. ಬಸ್ಸು ಬಂದಾಗೆಲ್ಲ ಪಾಠ ಅರ್ಧಕ್ಕೇ ನಿಂತಿದೆ. ನಮ್ಮ ಮನೆಯ ಹಿಂದೆ ಒಂದು ದಿಬ್ಬ. ಮೇಲೆ ಅಜ್ಜನ ಗದ್ದುಗೆ, ಅಂದರೆ ಸಮಾಧಿ; ಕೆಳಗೆ ದನದ ಕೊಟ್ಟಿಗೆ. ಪ್ರತಿ ಮಳೆಗಾಲ ಮಣ್ಣು ಜರಿಯುತ್ತದೆ. ಈ ಸಲ ಗದ್ದುಗೆಯೇ ಜರಿದು ನಮ್ಮ ದೇವಣಿ ತಳಿಯ ಹಸುವಿನ ಮೇಲೆ ಬರುವುದು ಗ್ಯಾರಂಟಿ ಅನಿಸಿತ್ತು.

ಗೆಣಸಿನ ಬಳ್ಳಿ ಹಬ್ಬಿಸಿದೆ, ಟೇಬಲ್ ರೋಸ್ ಹಚ್ಚಿದೆ. ದಿಬ್ಬವೆಲ್ಲ ಹಸಿರಾಯಿತು, ನಡುವೆ ಒಂದು ಜಾಗ ಬಿಟ್ಟು. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ದುಂಡನೆಯ ಜಾಗ. ಅಲ್ಲಿ ಹಚ್ಚಿದ್ದು ಎಂಟು ದಿನಕ್ಕೆ ಸಾಯುತ್ತಿತ್ತು. ಸುತ್ತಲಿನ ಬಳ್ಳಿಗಳು ಅಂಚಿನವರೆಗೆ ಬಂದು, ಯಾರನ್ನೋ ತುಳಿದೇವು ಎಂಬಂತೆ ತಿರುಗಿಕೊಳ್ಳುತ್ತಿದ್ದವು. ಬೇವಿನ ಹಿಂಡಿ ಹಾಕಿದೆ, ಗೊಬ್ಬರ ಹಾಕಿದೆ. ನೆಲ ಒಣಗಿದಾಗ ವಿಭೂತಿ ಬಳಿದಂಥ ಬಿಳುಪು ಮಾತ್ರ ಮೇಲೆದ್ದಿತು. ಅಲ್ಲಿಂದಲೇ ಒಂದು ಬಿರುಕು ಗದ್ದುಗೆಯ ಕಡೆಗೆ ಹೊರಟಿತ್ತು.

ಸೋಮವಾರ ಪೂಜೆಗೆ ಬಂದ ಅಯ್ಯನವರು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು. ಇಲ್ಲಿ ಯಾರೋ ಕುಂತಾರಪಾ."

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ, ಉಪ್ಪು ಹಾಕಿ ಮಣ್ಣು ಮಾಡುತ್ತಾರೆ. ನಾನು ನಕ್ಕೆ.

"ಅಯ್ಯಾರ, ನಮ್ಮಜ್ಜ ಮ್ಯಾಲ ಅದಾನ್ರಿ."

"ಅಂವಾ ಎಲ್ಲಿ ಹೋಗ್ಯಾನ? ಅಲ್ಲೇ ಅದಾನ. ಗಾರ್ಡನ್ ಸಾಹೇಬ, ಇವ್ರು ಬ್ಯಾರೆ."

ಹಿಂದೆ ನಿಂತಿದ್ದ ಆಯಿ, ಅಂದರೆ ನನ್ನ ಅಜ್ಜಿ, ಮುಂದೆ ಬಂದಳು.

"ನಿಮ್ಮಜ್ಜನ ಮೊದಲ್ನೇ ಹೇಣ್ತಿ. ನಾ ಮದಿವ್ಯಾಗಿ ಬಂದ ವರ್ಷ ಅಂವಾ ಆಕಿ ಗುರ್ತಿಗೆ ಇಲ್ಲಿ ಕಲ್ಲ ಇಡಸಾಕ ಹೊಂಟಿದ್ದ. ಕಣ್ಣೆದುರ ಸವತಿ ಬ್ಯಾಡ ಅಂದೆ. ಆಕಿ ಹೆಸರ ಸೈತ ಕೇಳಲಿಲ್ಲ ನಾ."

ಆಯಿ ಈ ಮನೆಗೆ ಬಂದು ಅರ್ಧ ಶತಮಾನದ ಮೇಲಾಯಿತು. ಅಷ್ಟು ಮಳೆಗೂ ಕರಗದ ಉಪ್ಪು ಯಾವುದು ಅಂತ ನಾನು ನೋಡಿದ ಯಾವ ವಿಡಿಯೋದಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಆಯಿ ಅಜ್ಜನ ಗದ್ದುಗೆಯ ಸುತ್ತಲಿನ ಕರಕಿಯನ್ನು, ಅಂದರೆ ಗರಿಕೆ ಹುಲ್ಲನ್ನು, ಬೇರು, ಮಣ್ಣು ಸಮೇತ ಕಿತ್ತು ತಂದಳು. ಬೋಳು ಜಾಗದಲ್ಲಿ ಕೂತು ಒಂದೊಂದನ್ನೇ ಅಂಗೈಯಿಂದ ಒತ್ತಿದಳು. "ಈಗರ ಹಿಡ್ಕೋ ಅಕ್ಕಾ," ಅಂದದ್ದು ನನಗೆ ಕೇಳಿಸಿತು. ನನ್ನ ಮೈಮೇಲಿನ ಕೂದಲೂ ಕೇಳಿಸಿಕೊಂಡವು.

ಕರಕಿ ಹಿಡಿಯಿತು. ಉಪ್ಪು ನೆಲದಲ್ಲೂ ಬದುಕುವ ಹುಲ್ಲು, ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ, ಅದರಲ್ಲಿ ಪವಾಡವೇನಿಲ್ಲ. ಮೊದಲ ಜಡಿಮಳೆಗೆ ದಿಬ್ಬ ಅಲುಗಲಿಲ್ಲ. ಹಸು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಒಂದೇ ಮಾತು ಉಳಿದಿದೆ. ಕರಕಿ ನಾಲ್ಕೂ ಕಡೆಗೆ ಹಬ್ಬಬೇಕು. ಇದರ ಕುಡಿಗಳೆಲ್ಲ ಒಂದೇ ಕಡೆಗೆ, ದಿಬ್ಬದ ಮೇಲಕ್ಕೆ, ಗದ್ದುಗೆಗೆ ಮುಖ ಮಾಡಿ ಹೊರಟಿವೆ. ಬಿಸಿಲು ಆ ಕಡೆ ಇರಬೇಕು ಅಂತ ನಾನು ನನಗೇ ಹೇಳಿಕೊಂಡೆ. ಕತ್ತರಿ ಹಿಡಿದು ಹೋದರೆ ಆಯಿ ಕೈ ಹಿಡಿದಳು.

"ಬಿಡೋ. ಹೊಂಟಾಕಿಗಿ ಇನ್ನೊಮ್ಮೆ ನಾ ಅಡ್ಡ ನಿಂದ್ರಲ್ಲ."

ನಿಮ್ಮ ಇಳಿಜಾರಿನಲ್ಲಿ ಯಾವ ಗಿಡ ಮಣ್ಣು ಹಿಡಿಯಿತು, ಯಾವ ಜಾಗ ಯಾವ ಗಿಡವನ್ನೂ ಒಲ್ಲೆ ಅಂದಿತು? ನನಗೆ ಬರೆದು ತಿಳಿಸಿ. ಮನೆಯ ಹಿರಿಯರನ್ನು ಒಂದು ಮಾತು ಕೇಳಿಕೊಂಡೇ ಬರೆಯಿರಿ.