ಬೆಕ್ಕಿನ ತಲೆಗೆ ಕಟ್ಟಿದ ಒದ್ದೆ

ಹಾಸಿಗೆ ಅಂಗಡಿಯ ಯಜಮಾನರು ಬೆಳಿಗ್ಗೆ ಬೀಗ ತೆಗೆಯುವ ಮೊದಲು ಒಂದು ಕೆಲಸ ಮಾಡುತ್ತಿದ್ದರು. ಹೆಂಡತಿ ತುಂಬಿಸಿ ಕೊಟ್ಟ ಬಾಟಲಿಯ ನೀರನ್ನು ಮೆಟ್ಟಿಲ ಪಕ್ಕದ ಕುಂಡಕ್ಕೆ ಬಗ್ಗಿಸಿ, ಕೊನೆಯ ಹನಿಯನ್ನೂ ಕೊಡವಿ, ಖಾಲಿ ಬಾಟಲಿಯನ್ನು ಚೀಲಕ್ಕೆ ಇಳಿಸುವುದು. ಮಳೆ ಸುರಿಯುತ್ತಿದ್ದರೂ ಇದು ತಪ್ಪುತ್ತಿರಲಿಲ್ಲ. ಮನೆಗೆ ಹೋದಾಗ ಖಾಲಿ ಬಾಟಲಿ ನೋಡಿ ಹೆಂಡತಿಗೆ ಸಮಾಧಾನ. ಕುಂಡದ ಗಿಡ ಕೊಬ್ಬಿ ಪಕ್ಕದ ಫೋಟೋ ಸ್ಟುಡಿಯೋದ ಬೋರ್ಡನ್ನು ಅರ್ಧ ಮುಚ್ಚಿತ್ತು. ಯಜಮಾನರ ತುಟಿ ಮಾತ್ರ ಹಳೇ ಗೋಡೆಯ ಸುಣ್ಣದ ಹಾಗೆ ಸಿಪ್ಪೆ ಏಳುತ್ತಿತ್ತು.

ಒಳಗೆ ಹೋದರೆ ತಾನೇ ಹೊರಗೆ ಬರುವುದು? ಇದು ಅವರೇ ಕಂಡುಹಿಡಿದ ವೈದ್ಯಶಾಸ್ತ್ರ.

ಅರಳೆ ಹಿಂಜಿ ಹಿಂಜಿ ಸವೆದ ಎದೆ ಅವರದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಿಂಜುವ ಯಂತ್ರ ತಿರುಗಿದರೆ ಸಾಕು, ನೊರೆಯಂಥ ದೂಳು ಎದ್ದು ಹುಬ್ಬಿಗೆ, ಮೀಸೆಗೆ, ಕಿವಿಯ ಕೂದಲಿಗೆ ಮೆತ್ತಿಕೊಳ್ಳುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, "ನಾನೇನು ಕಳ್ಳನಾ?" ಎನ್ನುತ್ತಿದ್ದರು. ಅರವತ್ತು ದಾಟಿದ ಮೇಲೆ ಕೆಮ್ಮು ಬಂತು. ಆಮೇಲೆ ಕೆಮ್ಮಿದಾಗೆಲ್ಲ ಕೆಳಗೆ ಒಂದಿಷ್ಟು ಸೋರತೊಡಗಿತು. ಎದೆಯನ್ನೂ ಮೂತ್ರದ ಚೀಲವನ್ನೂ ದೇವರು ಒಂದೇ ಮೈಯಲ್ಲಿ ಇಟ್ಟದ್ದು ಗಂಡಸರ ಜಂಬ ಇಳಿಸಲಿಕ್ಕೇ ಇರಬೇಕು. ಯಜಮಾನರ ಜಂಬ ಇಳಿಯಲಿಲ್ಲ. ಅವರು ನೀರು ಬಿಟ್ಟರು. ನೀರಿಲ್ಲದೆ ಕಫ ಅಂಟಿನಂತೆ ಕಚ್ಚಿಕೊಂಡಿತು, ಕೆಮ್ಮು ಹೆಚ್ಚಾಯಿತು, ಸೋರುವುದೂ ಹೆಚ್ಚಾಯಿತು. ಅದಕ್ಕೆ ಅವರು ಇನ್ನಷ್ಟು ನೀರು ಬಿಟ್ಟರು.

ಬೇರೆ ಯಾರಿಗಾದರೂ ಇದು ಬಚ್ಚಲುಮನೆಯ ಸಂಗತಿಯಾಗಿ ಮುಗಿದೀತು. ಯಜಮಾನರ ವ್ಯಾಪಾರವೇ ಬೇರೆ. ಗಿರಾಕಿಯ ಎದುರು ಹಾಸಿಗೆಯ ನಡುಮಧ್ಯೆ ತಾವೇ ಧೊಪ್ಪನೆ ಕೂತು, ಎರಡು ಸಲ ಕುಲುಕಿ, "ಗುಳಿ ಬಿತ್ತಾ? ನೋಡಿ" ಎಂದು ಏಳಬೇಕು. ಯಜಮಾನರು ಕೂರದ ಹಾಸಿಗೆ ಅಂಗಡಿಯಿಂದ ಆಚೆ ಹೋಗಿದ್ದಿಲ್ಲ. ಹೊಲಿಗೆ ನೋಡಿಕೊಳ್ಳುತ್ತಿದ್ದ ಮಗಳು, "ಅಪ್ಪ, ನಾನೂ ಕೂರಬಲ್ಲೆ" ಎಂದಾಗ, "ನಿನ್ನ ತೂಕಕ್ಕೆ ಹಾಸಿಗೆ ಎಚ್ಚರಾನೂ ಆಗಲ್ಲ" ಎಂದು ನಕ್ಕಿದ್ದರು. ಕೂರುವುದು ಬಿಟ್ಟರೆ ತಾನು ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟ ಹಳೇ ದಿಂಬು ಎಂಬ ಭಯ ನಗುವಿನ ಹಿಂದೆ ಇತ್ತು.

ಹಾಗಾಗಿ ಅವರು ತಮಗಾಗಿ ಒಂದು ಹಾಸಿಗೆ ಹೊಲಿದುಕೊಂಡರು. ಅಂಗೈಯಗಲದ್ದು, ಪ್ಯಾಂಟಿನ ಒಳಗೆ ಕೂರುವಂಥದ್ದು. ಒಳಗೆ ಅಂಗಡಿಯ ಮೊದಲನೇ ದರ್ಜೆಯ ಅರಳೆ, ಮೇಲೆ ಗವಸು, ನಡುವೆ ಅಚ್ಚುಕಟ್ಟಾದ ಟಾಕು ಹೊಲಿಗೆ. ಎರಡನೇ ದರ್ಜೆಯದು ಸಾಕಿತ್ತು, ಆದರೆ ಮರ್ಯಾದೆಯ ಪ್ರಶ್ನೆ.

ಇದೇ ಅರಳೆಯನ್ನು ಅವರು ಗಿರಾಕಿಗಳ ಮುಂದೆ ನೀರಿನ ಬೋಗುಣಿಗೆ ಹಾಕಿ, "ನೋಡಿ, ತೇಲ್ತಾ ಇದೆ. ಒಳ್ಳೇ ಅರಳೆ ನೀರು ಕುಡಿಯಲ್ಲ" ಎಂದು ಬೀಗುತ್ತಿದ್ದರು. ಆ ಮಾತನ್ನು ಊರೆಲ್ಲ ನಂಬಿತ್ತು. ಆಡಿದವರು ಮಾತ್ರ ಮರೆತಿದ್ದರು.

ಹಾಸ್ಟೆಲಿನ ಮೇಲ್ವಿಚಾರಕಿ ಹಾಸಿಗೆ ನೋಡಲು ಬಂದ ದಿನ ಯಜಮಾನರು ಕೂತರು, ಕುಲುಕಿದರು, ಕೆಮ್ಮಿದರು. ಎದ್ದಾಗ ಅರಳೆ ತನ್ನ ಗುಣ ತೋರಿಸಿತ್ತು. ಒಂದು ಹನಿಯನ್ನೂ ಕುಡಿಯದೆ ಎಲ್ಲವನ್ನೂ ಹಾಸಿಗೆಗೆ ದಾಟಿಸಿತ್ತು.

"ಇದೇನು ಒದ್ದೆ?" ಎಂದರು ಮೇಲ್ವಿಚಾರಕಿ.

"ಬೆಕ್ಕು" ಎಂದರು ಯಜಮಾನರು, ಕಣ್ಣು ಮಿಟುಕಿಸದೆ. "ಪಕ್ಕದ ಸ್ಟುಡಿಯೋದವನದು. ಸಾಕಿದ್ದಾನೆ, ಬುದ್ಧಿ ಕಲಿಸಿಲ್ಲ."

ಆ ಬೂದು ಬೆಕ್ಕು ಸ್ಟುಡಿಯೋದ ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಮಲಗಿತ್ತು. ಸುಳ್ಳಿಗೆ ಜೀವ ಬರಬೇಕೆಂದು ಯಜಮಾನರು ಅಲ್ಲಿಗೇ ಹೋಗಿ, ಬೀದಿಗೆಲ್ಲ ಕೇಳುವಂತೆ ಜಗಳ ತೆಗೆದರು. ಸ್ಟುಡಿಯೋದವನು ಅವರ ಮುಖ ನೋಡಿದ, ಪ್ಯಾಂಟು ನೋಡಿದ. ಮಾರನೇ ದಿನ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಪಕ್ಕದೂರಿನ ಅಕ್ಕನ ಮನೆಗೆ ಬಿಟ್ಟು ಬಂದ.

ಒಂದು ವಾರ ಯಜಮಾನರು ಗೆದ್ದವರ ಹಾಗೆ ಓಡಾಡಿದರು. ಆಮೇಲೆ ಒಂದು ಮಧ್ಯಾಹ್ನ ಮಗಳು ಇನ್ನೊಂದು ಹಾಸಿಗೆಯ ಮೇಲೆ ಕೈಯಾಡಿಸಿ, ಕೈ ಮೂಸಿ, ಊಟ ತಂದಿದ್ದ ಅಮ್ಮನ ಕಡೆ ನೋಡಿದಳು.

"ಬೆಕ್ಕೇ" ಎಂದರು ಯಜಮಾನರು.

"ಬೆಕ್ಕು ಬಸ್ ಹತ್ತಿ ಬಂತೇನ್ರೀ?" ಎಂದಳು ಹೆಂಡತಿ. "ಪ್ಯಾಂಟ್ ಒಗೆಯೋಳು ನಾನು. ನನ್ನ ಮೂಗಿಗೇನು ಅರಳೆ ತುರುಕಿದೀರಾ? ಏಳಿ, ಡಾಕ್ಟರ್ ಹತ್ರ ಹೋಗೋಣ."

ಡಾಕ್ಟರು ಮಗಳ ವಯಸ್ಸಿನ ಹೆಂಗಸು. ಯಜಮಾನರು ಸೂರು ನೋಡುತ್ತ, "ಕೆಮ್ಮು ಅಷ್ಟೇ" ಎಂದರು.

"ಕೆಮ್ಮಿದಾಗ ಮೂತ್ರ ಹೋಗುತ್ತಾ?"

"ಇಲ್ಲ."

"ಬೆಕ್ಕಿಗೆ ಹೋಗುತ್ತೆ ಡಾಕ್ಟ್ರೇ" ಎಂದಳು ಹೆಂಡತಿ ಹಿಂದಿನಿಂದ. "ಇವರು ಕೆಮ್ಮಿದಾಗ."

ಡಾಕ್ಟರು ನಗಲಿಲ್ಲ. ಎದೆಗೆ ಕೊಳವೆ ಇಟ್ಟರು, ಹೊಟ್ಟೆ ಒತ್ತಿದರು, ಊದಿಸಿ ನೋಡಿದರು, ಮೂತ್ರದ ಪರೀಕ್ಷೆಗೆ ಬರೆದರು. ನೀರು ಎಷ್ಟು ಕುಡಿಯುತ್ತೀರಿ ಎಂದಾಗ, "ದಿನಕ್ಕೊಂದು ಬಾಟಲಿ ಖಾಲಿ ಮಾಡ್ತಾರೆ" ಎಂದಳು ಹೆಂಡತಿ. ಯಜಮಾನರು ಮತ್ತೆ ಸೂರು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಗಿಡದ ಕಥೆ, ಪ್ಯಾಂಟಿನೊಳಗಿನ ಹಾಸಿಗೆಯ ಕಥೆ ಎರಡೂ ಹೊರಬಿದ್ದವು. ಹೆಂಡತಿ ಸೆರಗು ಹೊದ್ದು ಗೋಡೆಯ ಕಡೆ ತಿರುಗಿದಳು. ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

"ನೀರು ಬಿಟ್ಟರೆ ಕಫ ಗಟ್ಟಿಯಾಗುತ್ತೆ, ಮೂತ್ರ ಉರಿಯುತ್ತೆ, ಎರಡೂ ಸೇರಿ ಕಾಟ ಕೊಡುತ್ತೆ" ಎಂದರು ಡಾಕ್ಟರು. "ನೀರು ಕುಡೀರಿ. ಹಿಂಜೋವಾಗ ಮುಖಕ್ಕೆ ಮಾಸ್ಕ್ ಹಾಕಿ. ಎದೆಗೆ ಈ ಇನ್‌ಹೇಲರ್ ಔಷಧಿ ಬಾಯಿಂದ ಎಳ್ಕೊಳಿ. ನಾಲ್ಕು ಜನರ ನಡುವೆ ಗಾಳಿ ಬಿಡದ ಹಾಗೆ ತಡ್ಕೋತೀರಲ್ಲ, ಹಾಗೆ ದಿನಾ ಬಿಗಿ ಹಿಡಿದು ಬಿಡೋ ಅಭ್ಯಾಸ ಮಾಡಿ. ಕೆಮ್ಮು ಬರುತ್ತೆ ಅನ್ನಿಸಿದಾಗ ಮೊದಲು ಬಿಗಿ ಹಿಡೀರಿ, ಆಮೇಲೆ ಕೆಮ್ಮಿ. ಅಲ್ಲೀವರೆಗೆ ಔಷಧಿ ಅಂಗಡಿಯ ಪ್ಯಾಡ್ ಇಟ್ಕೊಳಿ. ನೀವು ಹೊಲಿದಿದ್ದು ಬೇಡ."

"ಮೊದಲನೇ ದರ್ಜೆ ಅರಳೆ" ಎಂದು ಗೊಣಗಿದರು ಯಜಮಾನರು.

ಯಜಮಾನರು ನೀರು ಕುಡಿಯತೊಡಗಿದರು. ಮಗಳು ಎದುರಿಗೆ ನಿಂತು ಕುಡಿಸುತ್ತಿದ್ದಳು. ಗಿಡ ಬಾಡತೊಡಗಿತು. ಹಾಸಿಗೆಯ ಮೇಲೆ ಮಗಳೇ ಕೂತು ತೋರಿಸಿದಳು, ಹಾಸಿಗೆಗಳು ಮೊದಲಿನಂತೆಯೇ ಮಾರಾಟವಾದವು. ಇದರಿಂದ ಯಜಮಾನರಿಗೆ ಕೆಮ್ಮಿಗಿಂತ ಹೆಚ್ಚು ನೋವಾಯಿತು.

ಅಂಗಡಿಯಲ್ಲಿ ಶೌಚಾಲಯವಿಲ್ಲ. ನೀರು ಹೆಚ್ಚಿದಂತೆ ಬೀದಿಯ ತುದಿಯ ಸಾರ್ವಜನಿಕ ಶೌಚಾಲಯಕ್ಕೆ ಅವರ ಓಡಾಟ ಹೆಚ್ಚಿತು. ದಾರಿಯುದ್ದಕ್ಕೂ ಅಂಗಡಿಯವರು, "ಎಲ್ಲಿಗೆ ಯಜಮಾನ್ರೇ, ಇಷ್ಟು ಅವಸರ?" ಎಂದು ಅಕ್ಕರೆಯಿಂದ ಕೊಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಸ್ಟುಡಿಯೋದವನು ಬಂದು ಒಂದು ಬೀಗದ ಕೈಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. "ನಮ್ಮ ಹಿಂದುಗಡೆ ಒಂದಿದೆ. ನಿಮ್ಮ ಹಿಂಬಾಗಿಲಿಂದ ಹತ್ತಿರ. ಇಟ್ಕೊಳಿ."

ಯಜಮಾನರಿಗೆ ಕೆಮ್ಮು ಬಂತು. ಬಿಗಿ ಹಿಡಿದು, ಆಮೇಲೆ ಕೆಮ್ಮಿದರು. "ನಿನಗೆ ಯಾವಾಗ ಗೊತ್ತಾಯ್ತು?"

"ಜಗಳಕ್ಕೆ ಬಂದಿರಲ್ಲ, ಅವತ್ತೇ."

"ಮತ್ತೆ ಬೆಕ್ಕನ್ನ ಯಾಕಯ್ಯಾ ಕಳಿಸಿದೆ?"

"ನಿಮ್ಮನ್ನ ಒಪ್ಪಿಸೋದಕ್ಕಿಂತ ಬೆಕ್ಕನ್ನ ಬುಟ್ಟಿಗೆ ಹಾಕೋದು ಸುಲಭ ಇತ್ತು."

ಮಗಳು ಹೊಲಿಗೆ ಯಂತ್ರ ನಿಲ್ಲಿಸಿದಳು. ಗಿರಾಕಿಗಳಿಬ್ಬರು ದಿಂಬು ಒತ್ತುತ್ತ ನಿಂತಿದ್ದರು, ಅವರ ಕಿವಿ ಈ ಕಡೆಗಿತ್ತು. ಯಜಮಾನರು ಬೀಗದ ಕೈಯನ್ನು ಎತ್ತಿಕೊಂಡರು, ತಿರುಗಿಸಿ ನೋಡಿದರು, ಸ್ಟುಡಿಯೋದವನ ಜೇಬಿಗೇ ಹಾಕಿದರು.

"ಬೇಡಪ್ಪಾ. ಒದ್ದೆ ಮಾಡಿದ್ದು ನಾನು, ಊರು ಬಿಟ್ಟಿದ್ದು ಅದು" ಎಂದರು, ಗಿರಾಕಿಗಳಿಗೂ ಕೇಳುವಂತೆ. "ಮೊದಲು ಅದನ್ನ ಕರ್ಕೊಂಡು ಬಾ. ಅಲ್ಲೀತನಕ ನಾನು ಬೀದಿ ತುದಿಗೇ ಹೋಗ್ತೀನಿ."

ಹಾಗೆಂದು ಅವರು ಚಪ್ಪಲಿ ಮೆಟ್ಟಿಕೊಂಡು, ಸ್ವಲ್ಪ ಅವಸರದಲ್ಲೇ, ಬೀದಿಗಿಳಿದರು.