ಜಯಮಾಲಾ ಹಂಚಿದ ಬುತ್ತಿ

ನಾಸಿಕ್ ರೋಡ್ ಸ್ಟೇಷನ್ ಎದುರಿನ ಗಲ್ಲಿಯಲ್ಲಿ ಚಹಾದ ಸ್ಟೋವು ಆಗಷ್ಟೇ ಹೊತ್ತಿಕೊಂಡಿದೆ. ಮುಂಬೈ ಗಾಡಿ ಹಿಡಿಯುವವರು ಓಡುತ್ತಿದ್ದಾರೆ. ಜಯಮಾಲಾ ತಮ್ಮ ಸೈಬರ್ ಕೆಫೆಯ ಶಟರ್ ಅರ್ಧ ಎತ್ತಿ, ಬಗ್ಗಿ ಒಳಹೋಗಿ, ಊದಿನಕಡ್ಡಿ ಹಚ್ಚಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಗಿರಾಕಿಗಳು ಬರುವ ಮುಂಚಿನ ಈ ಹೊತ್ತಿನಲ್ಲಿ ಅವರು ಓದಲು ಯೋಗ್ಯವಾದ ಕನ್ನಡ ಬ್ಲಾಗುಗಳನ್ನು ಹುಡುಕುತ್ತಾರೆ.

ಇದೂ ಒಂದು ಕೆಲಸವೇ ಎಂದು ನಗಬೇಡಿ. ಇಂಟರ್ನೆಟ್ಟಿನಲ್ಲಿ ಎಲ್ಲ ಸಿಗುತ್ತದೆ ಎನ್ನುವ ಜಾಣರು ಒಮ್ಮೆ ಹುಡುಕಿ ನೋಡಲಿ, ಜೊಳ್ಳು ತೂರುವಷ್ಟರಲ್ಲೇ ಕಣ್ಣು ಉರಿಯುತ್ತದೆ. ವರ್ಗವಾಗಿ ಬಂದ ಬ್ಯಾಂಕಿನವರು, ಬೀದರ್ ಕಡೆಯ ವ್ಯಾಪಾರಿಗಳು ಇಲ್ಲಿ ಬಂದು ತಮಗೆ ಬೇಕಾದ್ದು ಕೇಳುತ್ತಾರೆ. ಒಬ್ಬರಿಗೆ ಹಳೆಯ ನಾಟಕ ಕಂಪನಿಗಳ ಸುದ್ದಿ, ಇನ್ನೊಬ್ಬರಿಗೆ ಕುಂಡದಲ್ಲಿ ಮೆಣಸಿನಗಿಡ ಬೆಳೆಸುವ ಬಗೆ.

"ಮೊದಲನೇ ಬರಹ ಎಲ್ಲಾರೂ ಚಂದ ಬರಿತಾರ್ರಿ. ನಾ ನಡುವಿನವು ಓದ್ತೀನಿ. ತಮ್ಮ ಕೆಟ್ಟುಹೋದ ಅಡಗಿ ಬಗ್ಗೆನೂ ಬರದಾನಂದ್ರ ಆ ಮನಶ್ಯಾ ಖರೇ ಅದಾನ ಅಂತ ತಿಳಕೊಂತೀನಿ," ಎನ್ನುತ್ತಾರೆ. ಒಳ್ಳೆಯ ಬ್ಲಾಗು ಸಿಕ್ಕರೆ, ಅದಕ್ಕೆ ಕಮೆಂಟು ಬರೆದವರ ಬ್ಲಾಗಿಗೂ ಹೋಗಿ ಇಣುಕುತ್ತಾರೆ. "ಒಳ್ಳೆ ಮಂದಿ ಮನಿಗೆ ಒಳ್ಳೆ ಮಂದಿನೇ ಬರ್ತಾರ್ರಿ."

ಜಯಮಾಲಾ ಆಳಂದದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಮೊಬೈಲು ಬಂದು ಗಂಡನ ಎಸ್‌ಟಿಡಿ ಬೂತು ಮುಳುಗಿದಾಗ ಅದೇ ಜಾಗದಲ್ಲಿ ಈ ಕೆಫೆ ಶುರುವಾಯಿತು. ಮೊದಮೊದಲು ಪರದೆಯ ಮೇಲೆ ಕನ್ನಡದ ಬದಲು ಬರೀ ಚೌಕಗಳು ಕಾಣುತ್ತಿದ್ದವು. ಹಟ ಹಿಡಿದು ಅದನ್ನು ಸರಿಮಾಡಿಸಿಕೊಂಡರು. ಬಹುತೇಕ ಮನೆಗಳಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಬರಹಗಳನ್ನು ಪ್ರಿಂಟ್ ತೆಗೆದು ಕೊಡತೊಡಗಿದರು. ಓದಿದವರು ಪಕ್ಕದ ಕನ್ನಡದ ಮನೆಗೆ ದಾಟಿಸಬೇಕು, ಅದು ಅವರದೇ ಕಟ್ಟಳೆ.

ಆ ಕಟ್ಟಳೆಯೇ ಅವರಿಗೆ ಮುಳ್ಳಾಯಿತು.

ಅನಸೂಯ ಎಂಬಾಕೆ 'ಬುತ್ತಿ' ಅನ್ನುವ ಬ್ಲಾಗು ಬರೆಯುತ್ತಿದ್ದರು. ಯಾವ ಊರಿನವರೆಂದು ಎಲ್ಲೂ ಹೇಳಿಕೊಂಡಿರಲಿಲ್ಲ. ಪರಸ್ಥಳದಲ್ಲಿ ಸಂಸಾರ ಹೂಡಿದವರ ಅಡಿಗೆ, ಸಿಟ್ಟು, ನಗೆ ಎಲ್ಲ ಅದರಲ್ಲಿತ್ತು. ಜಯಮಾಲಾ ಅದನ್ನು ಒಂದಕ್ಷರ ಬಿಡದೆ ಹಂಚಿದರು. ಬ್ಯಾಂಕ್ ಅಧಿಕಾರಿಯ ಹೆಂಡತಿ ಅಂಬುಜಾ ಈಗಲೂ ನೆನೆಯುತ್ತಾರೆ: "ನಮ್ಮತ್ತಿ ಈ ಊರಿಗೆ ಬಂದ ಮ್ಯಾಲ ಊಟಾನೇ ಬಿಟ್ಟಿದ್ರು. ಅನಸೂಯಕ್ಕ ಬರದಂಗ ಪುಂಡಿಪಲ್ಲೆ ಮಾಡಿದೆ ನೋಡ್ರಿ, ಮತ್ತ ಹಾಕವಾ ಅಂದ್ರು."

ಇದು ಅನಸೂಯರಿಗೆ ಗೊತ್ತಾಗಲೇ ಇಲ್ಲ. ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ಅವರು ಬರೆದರು: 'ಎಷ್ಟು ಮಂದಿ ಓದಿದರೆಂದು ದಿನಾ ನೋಡುತ್ತೇನೆ. ಯಾರೋ ಒಬ್ಬರು ಬಂದು ಹೋಗುತ್ತಾರೆ, ಮಾತಾಡುವುದಿಲ್ಲ. ಒಬ್ಬಳೇ ಎಷ್ಟಂತ ಬಡಿಸಲಿ?'

ಆ ಒಬ್ಬರು ಜಯಮಾಲಾ.

"ಓಣಿಗೆ ಓಣಿನೇ ಓದ್ತಿತ್ರಿ. ಆಕಿಗಿ ಕಂಡಾಕಿ ನಾ ಒಬ್ಬಾಕಿನೇ! ಬರೀಬೇಕಂದೆ. ಇಷ್ಟ್ ಚಂದ ಬರಿಯಾಕಿಗಿ ನಾ ಏನ್ ಬರೀಲಿ ಅಂತ ನಾಚಿದೆ. ನಾಳಿ ಬರದ್ರಾತು ಅಂದೆ. ತಂಗಿ ಮದವಿಗಿ ಊರಿಗಿ ಹೋಗಿ ಬರೋದ್ರಾಗ ಬ್ಲಾಗೇ ಇರ್ಲಿಲ್ರಿ." ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಅದೇ ಹೆಸರಿನ ಎಷ್ಟೋ ಮಂದಿಗೆ ಬರೆದು ಕೇಳಿದರು. ಯಾರೂ ಆ ಅನಸೂಯ ಆಗಿರಲಿಲ್ಲ. ವರದಿಗೆಂದು ಬಂದ ನಾನು ಆ ಹೆಸರನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ.

ಈಗ ಕಟ್ಟಳೆ ಬದಲಾಗಿದೆ. ಪ್ರಿಂಟು ಬೇಕಾದವರು ಮೊದಲು ಕಂಪ್ಯೂಟರಿನ ಮುಂದೆ ಕೂತು ಬರೆದವರಿಗೆ ಒಂದು ಸಾಲು ಹಾಕಬೇಕು. ಟೈಪು ಬರದಿದ್ದರೆ ಬಾಯಲ್ಲಿ ಹೇಳಿದರೂ ಆದೀತು, ಜಯಮಾಲಾ ಬೆರಳಾಡಿಸುತ್ತಾರೆ. ನಾನಿದ್ದಾಗಲೇ ಒಬ್ಬ ವ್ಯಾಪಾರಿ ಗೊಣಗಿದ. "ಉಂಡ ಮ್ಯಾಲ ಚಲೋ ಆಗಿತ್ತು ಅನ್ಲಾಕ ಏನ್ ಧಾಡಿ ನಿಮಗ?" ಎಂದು ಗದರಿ ಕೂರಿಸಿದರು.

ಫೋನಿನಲ್ಲೇ ಇಂಟರ್ನೆಟ್ ಬಂದು ಗಿರಾಕಿಗಳು ಕಡಿಮೆಯಾಗಿದ್ದಾರೆ. ಅಂಗಡಿ ಎಷ್ಟು ದಿನ ನಡೆದೀತೋ ತಿಳಿಯದು. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಜಯಮಾಲಾ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

"ನಿಮ್ಮ ಪೇಪರ್‌ನ್ಯಾಗ ಆಕಿ ಹೆಸರು ಬರೀರಿ. ಆಕಿ ಎಲ್ಲೇ ಇದ್ರೂ ಓದ್ಲಿ. ನೀ ಒಬ್ಬಾಕಿಗೇ ಬಡಿಸಿದ್ದಲ್ಲ ಯವ್ವಾ, ಪಂಗತಿನೇ ಕೂತಿತ್ತು ಅಂತ ಆಕಿಗಿ ಗೊತ್ತಾಗ್ಲಿ."